ಮೀನು ಹೊಂಡದ ನೀರಿಗೆ ಅಂತರಗಂಗೆಯೋ, ಆಪೋ, ಖಡಿ ಮಡಿಯೋ?

ಮೀನಿಗೆ ವಿಷವಾಗುವ ಅಮೋನಿಯಾವನ್ನು ಗಿಡಗಳಿಂದ ತೆಗೆಸಲು ಒಂದೇ ಮೀನು ಹೊಂಡದ ಹೊಲಸು ನೀರನ್ನು ಮೂರು ಬಗೆಯ ಮಡಿಗಳಿಗೆ ಹಂಚಿ ನೋಡಿದೆವು: ನೇರಳೆ ಹೂವಿನ ಅಂತರಗಂಗೆ ತೇಲುವ ಹೊಂಡ, ಆಪು (ಜೊಂಡು ಹುಲ್ಲು) ಬೆಳೆದ ತೆಳುನೀರಿನ ಮಡಿ, ಕಾಬಾಳೆ (ಕ್ಯಾನಾ ಹೂಗಿಡ) ನೆಟ್ಟ ಖಡಿ, ಅಂದರೆ ಜಲ್ಲಿಕಲ್ಲಿನ ಮಡಿ. ಖಡಿ ಮಡಿಯಲ್ಲಿ ನೀರು ಕಲ್ಲಿನ ಒಳಗೇ ಹರಿಯುತ್ತದೆ, ಮೇಲೆ ಕಾಣುವುದಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಅದೇ ಮುಂದಿತ್ತು. ನೀರು ಒಳಬರುವ ಕಡೆ ಹೂಳು ತೊಟ್ಟಿ ಇಲ್ಲದಿದ್ದರೆ ಮೊದಲು ಕೈಕೊಡುವುದೂ ಅದೇ.

ಮೊದಲು ಹೊರೆಯ ಲೆಕ್ಕ. 30% ಪ್ರೋಟೀನಿನ ಮೀನಿನ ಆಹಾರ ದಿನಕ್ಕೆ 10 ಕಿಲೋ ಹಾಕಿದರೆ ಸುಮಾರು 275 ಗ್ರಾಂ ಅಮೋನಿಯಾ ಸಾರಜನಕ (ಅಮೋನಿಯಾ ರೂಪದಲ್ಲಿರುವ ಸಾರಜನಕ) ನೀರಿಗೆ ಸೇರುತ್ತದೆ. ಚದರ ಮೀಟರಿಗೆ ದಿನಕ್ಕೆ ಒಂದು ಗ್ರಾಂ ತೆಗೆಯುತ್ತದೆ ಎಂದು ಹಿಡಿದರೂ ಪೌಣೆ ಮೂರು ಗುಂಟೆ ಮಡಿ ಬೇಕು. ಮೂಲೆಯಲ್ಲಿ ನಾಲ್ಕು ಗಿಡ ನೆಟ್ಟರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಪು ತಾನು ಹೀರುವುದು ಅರ್ಧ ಗ್ರಾಂ ಆಚೀಚೆ. ಉಳಿದ ಕೆಲಸ ಬೇರಿಗೂ ಕಲ್ಲಿಗೂ ಅಂಟಿಕೊಂಡ ಬ್ಯಾಕ್ಟೀರಿಯಾದ್ದು.

ನಮ್ಮ ವಿಜಯಪುರ-ಬಾಗಲಕೋಟೆ ಕಡೆ ಅಮೋನಿಯಾ ಹೆಚ್ಚು ಕಾಡುವುದಕ್ಕೆ ಕಾರಣವಿದೆ. ಬೋರಿನ ಗಡಸು ನೀರಿನ ಪಿಎಚ್ ಎಷ್ಟೋ ಕಡೆ 8ರ ಮೇಲೆಯೇ ಇರುತ್ತದೆ. 30 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದೂ ಇರುವುದಿಲ್ಲ. 8ಕ್ಕೆ ಸುಮಾರು 7, 9ಕ್ಕೆ 45ರ ಹತ್ತಿರ. ಪಾಚಿ ಇದ್ದ ಹೊಂಡದಲ್ಲಿ ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಪಿಎಚ್ ಏರಿರುತ್ತದೆ. ಬೆಳಿಗ್ಗೆ ಮಾತ್ರ ನೀರು ಪರೀಕ್ಷೆಯ ಕಿಟ್ ಹಿಡಿದು ನೋಡಿದವರಿಗೆ ಈ ಅಪಾಯ ಕಾಣುವುದೇ ಇಲ್ಲ.

ಅಂತರಗಂಗೆ ಅಗ್ಗ. 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವಿದ್ದರೆ ಬೇರೆ ಖರ್ಚಿಲ್ಲ. ಸಾರಜನಕವನ್ನು ತಾನೇ ಹೀರುವುದರಲ್ಲಿ ಆಪಿಗಿಂತ ಮುಂದು, ಬೇಸಿಗೆಯಲ್ಲಿ ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ. ತೊಂದರೆಯೂ ಅಲ್ಲೇ. ಹತ್ತು ಹದಿನೈದು ದಿನಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಎತ್ತಿ ಹಾಕದಿದ್ದರೆ ಹಳೆಯ ಎಲೆ ತಳಕ್ಕಿಳಿದು ಕೊಳೆತು, ಹೀರಿದ್ದನ್ನೆಲ್ಲ ನೀರಿಗೆ ವಾಪಸ್ ಕೊಡುತ್ತದೆ. ಎತ್ತಿದ್ದರಲ್ಲಿ 90%ಕ್ಕೂ ಹೆಚ್ಚು ನೀರೇ, ಹೊರುವ ಆಳಿಗೆ ಸಾಕುಬೇಕಾಗುತ್ತದೆ. ಮೇಲ್ಮೈ ಪೂರ್ತಿ ಮುಚ್ಚಿಕೊಂಡರೆ ಕೆಳಗೆ ಆಮ್ಲಜನಕ ಉಳಿಯುವುದಿಲ್ಲ, ಅಮೋನಿಯಾ ಹಾಗೇ ನಿಲ್ಲುತ್ತದೆ. ಸೊಳ್ಳೆಯ ಕಾಟ ಬೇರೆ. ಇದರ ಒಂದು ತುಂಡು ಕಾಲುವೆಗೋ ಆಲಮಟ್ಟಿಯ ಹಿನ್ನೀರಿಗೋ ಸೇರಿದರೆ ಮತ್ತೆ ಹಿಡಿಯಲಾಗದು. ಕೋಡಿಯಿಂದ ನೀರು ಹಳ್ಳಕ್ಕೆ ಹೋಗುವ ಜಾಗದಲ್ಲಿ ಇದನ್ನು ಬೆಳೆಸಲೇಬಾರದು.

ಆಪಿನ ಮಡಿಗೆ 30 ಸೆಂ.ಮೀ. ನೀರು ಸಾಕು. ಹೂಳನ್ನು ತಾಳಿಕೊಳ್ಳುತ್ತದೆ, ಕಟ್ಟಿಕೊಳ್ಳುವುದಿಲ್ಲ, ಆರೈಕೆ ಕಡಿಮೆ. ಅದರ ಮೊನಚು ಬೇರುಕಾಂಡ ತೆಳು ಹಾಳೆಯನ್ನು ಚುಚ್ಚುವುದುಂಟು. ಹಾಳೆಯ ಮೇಲೆ 20 ಸೆಂ.ಮೀ. ಮಣ್ಣು ಹಾಕಿ ನೆಡಬೇಕು. ಬರೀ ಎರೆ ಮಣ್ಣನ್ನು ನಂಬಿದರೆ ನೀರು ಇಳಿದಾಗ ಒಡ್ಡು ಬಿರುಕು ಬಿಡುತ್ತದೆ. ಇದರ ದೊಡ್ಡ ಖರ್ಚು ನೀರು. ಏಪ್ರಿಲ್-ಮೇ ಬಿಸಿಲಿಗೆ ದಿನಕ್ಕೆ 10 ಮಿ.ಮೀ. ಆರಿದರೆ ಒಂದು ಗುಂಟೆಯಿಂದ 1,000 ಲೀಟರ್ ಹೋಯಿತು. ಸುತ್ತ ಬಯಲಿದ್ದು ಬಿಸಿಗಾಳಿ ಬೀಸಿದರೆ ಆಪು ಅದಕ್ಕೂ ಹೆಚ್ಚು ಆವಿ ಮಾಡುತ್ತದೆ. ಜಮಖಂಡಿ, ಮುಧೋಳದ ಹೊಳೆಸಾಲಿನಲ್ಲಿ ಇದು ನಡೆದೀತು. ಇಂಡಿ, ಸಿಂದಗಿಯ ಬೋರಿನ ನೀರಿಗೆ ನಾವಂತೂ ಹೇಳುವುದಿಲ್ಲ.

ಖಡಿ ಮಡಿಯಲ್ಲಿ ನೀರು ಮೇಲ್ಮೈಯಿಂದ 5ರಿಂದ 10 ಸೆಂ.ಮೀ. ಕೆಳಗಿರುವುದರಿಂದ ಸೊಳ್ಳೆ ಇಲ್ಲ, ಬಿಸಿಲು ನೇರವಾಗಿ ತಾಗುವುದಿಲ್ಲ; ಹೋಗುವುದು ಗಿಡ ಕುಡಿದಷ್ಟು. ಒಂದು ಗುಂಟೆಗೆ 60 ಸೆಂ.ಮೀ. ದಪ್ಪ ತುಂಬಲು 60 ಘನ ಮೀಟರ್, ಅಂದರೆ 21 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಖಡಿ ಬೇಕು. ಹಣವೆಲ್ಲ ಹೋಗುವುದು ಇಲ್ಲಿಗೇ. ನೀರಿನ ಆಳ ಅರ್ಧ ಮೀಟರ್, ಕಲ್ಲಿನ ಸಂದು 40% ಎಂದರೆ 20,000 ಲೀಟರ್ ಹಿಡಿಯುತ್ತದೆ. ದಿನಕ್ಕೆ 10,000 ಬಿಟ್ಟರೆ ಎರಡು ದಿನದ ತಂಗು.

ವಿಜಯಪುರದ ಕರಿಕಲ್ಲಿನ 10–20 ಮಿ.ಮೀ. ಖಡಿಯೇ ಸರಿ. ಲೋಕಾಪುರ ಕಡೆಯ ಸುಣ್ಣದ ಕಲ್ಲು ಮೆದು, ಸವೆದು ಹಿಟ್ಟಾಗಿ ಸಂದು ಮುಚ್ಚುತ್ತದೆ. ಅಂಟಿದ ಕ್ರಷರ್ ಪುಡಿಯನ್ನು ತೊಳೆದು ತೆಗೆಯದೆ ಸುರಿದರೆ ಕರಿಕಲ್ಲಿಗೂ ಅದೇ ಗತಿ. ಒಳಹರಿವಿನ ಮೊದಲ ಒಂದು ಮೀಟರಿಗೆ 40–60 ಮಿ.ಮೀ. ದಪ್ಪ ಕಲ್ಲು ಹಾಕಿ. ತಳಕ್ಕೆ ನೂರು ಅಡಿಗೆ ಅರ್ಧದಿಂದ ಒಂದು ಅಡಿ ಇಳಿಜಾರು. ಹಾಳೆಯ ಅಡಿ ಉಸುಕು ಹಾಸಿ, ಅಂಚನ್ನು ಮಣ್ಣಲ್ಲಿ ಹೂಳಿ. ಬಿಸಿಲಿಗೆ ಬಿಟ್ಟ ಅಂಚು ಸೀಳುತ್ತದೆ. ಹೊರಹರಿವಿಗೆ ತಿರುಗುವ ಎಲ್ಬೋ ಪೈಪ್ ಇದ್ದರೆ ನೀರಿನ ಮಟ್ಟವನ್ನು ಬೇಕಾದಂತೆ ಇಳಿಸಬಹುದು: ನೆಟ್ಟ ಹೊಸದರಲ್ಲಿ ಮೇಲ್ಮೈವರೆಗೆ, ಬೇರು ಹಿಡಿದಂತೆ ಮೆಲ್ಲಗೆ ಕೆಳಕ್ಕೆ. ಕಾಬಾಳೆ ಚದರ ಮೀಟರಿಗೆ ನಾಲ್ಕು ಗಡ್ಡೆ. ಹೂವು ಮುಗಿದ ಕಾಂಡವನ್ನು ಗೇಣೆತ್ತರಕ್ಕೆ ಕತ್ತರಿಸಿ ಗೊಬ್ಬರಕ್ಕೆ ಹಾಕಬೇಕು.

ಹೂಳು ತೊಟ್ಟಿಯ ವಿಷಯದಲ್ಲಿ ಜಿಪುಣತನ ಬೇಡ. ಹಾಕಿದ ಆಹಾರದ ಕಾಲು ಪಾಲು ಹೂಳಾಗಿ ಬರುತ್ತದೆ. ಲಾಳಿಕೆಯಂಥ ಇಳಿಜಾರು ತಳದ ತೊಟ್ಟಿಯಲ್ಲಿ ಅರ್ಧದಿಂದ ಒಂದು ತಾಸು ನೀರು ನಿಲ್ಲಲಿ, ತಳದ ವಾಲ್ವ್ ದಿನಾ ತೆರೆಯಲಿ. ಎರಡು ದಿನ ಬಿಟ್ಟ ಹೂಳು ಅಲ್ಲೇ ಕರಗಿ ಅಮೋನಿಯಾ ಆಗುತ್ತದೆ. ಒಳಹರಿವಿನ ಬಳಿ ಖಡಿಯ ಮೇಲೆ ನೀರು ಕಾಣಿಸಿಕೊಂಡರೆ ಸಂದು ಕಟ್ಟಿತೆಂದೇ ಅರ್ಥ. ಆ ಒಂದೆರಡು ಮೀಟರ್ ಖಡಿ ತೆಗೆದು ತೊಳೆದು ಮತ್ತೆ ಹಾಕುವುದೇ ದಾರಿ.

ಖಡಿ ಮಡಿಯ ಕೊರತೆ ಗಾಳಿ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ ಬೇಕು, ಅಷ್ಟು ಒಳಗೆ ಸಿಗದು. ಆದ್ದರಿಂದ ಮುಂದೆ ಒಂದು ನಿಂತ ಮಡಿ ಕೂಡಿಸಿ: ನೀರು ಮೇಲಿಂದ ಸುರಿದು, ತಳದಿಂದ ಬಸಿದು, ನಡುವೆ ಖಡಿ ಖಾಲಿಯಾಗಿ ಗಾಳಿ ಹೀರಬೇಕು. ಪಾಳಿಯ ತ್ರೀಫೇಸ್ ಕರೆಂಟಿಗೆ ಇದು ಒಗ್ಗುತ್ತದೆ. ಕರೆಂಟ್ ಬಂದಾಗ ಮೇಲಿನ ಟ್ಯಾಂಕ್ ತುಂಬಿ, ಸೈಫನ್‌ನಿಂದ ದಿನಕ್ಕೆ ನಾಲ್ಕಾರು ಸಲ ಬಿಟ್ಟರಾಯಿತು. ಮಡಿ ದಾಟಿದ ನೀರನ್ನು ಮೆಟ್ಟಿಲ ಮೇಲೆ ಬೀಳಿಸಿಯೇ ಮೀನಿಗೆ ಕೊಡಿ.

ಉಪ್ಪನ್ನು ಮಾತ್ರ ಮೂರರಲ್ಲಿ ಯಾವುದೂ ತೆಗೆಯುವುದಿಲ್ಲ. ನೀರು ಆರಿದಷ್ಟೂ ಅದು ಗಟ್ಟಿಯಾಗುತ್ತದೆ. ತಿರುಗಿಸುವ ನೀರಿನ ಹತ್ತನೇ ಒಂದು ಪಾಲನ್ನು ದಿನವೂ ಹೊಲಕ್ಕೆ ಬಿಟ್ಟು ಹೊಸ ನೀರು ಸೇರಿಸಿ, ನೀರಿನ ಉಪ್ಪಿನಂಶ ತೋರಿಸುವ ಇಸಿ ಮೀಟರ್ ನೋಡುತ್ತಿರಿ. ದಾಳಿಂಬೆ ಒಂದಿಷ್ಟು ಉಪ್ಪು ತಾಳೀತು. ಲಿಂಬೆ, ದ್ರಾಕ್ಷಿಯ ಬುಡಕ್ಕೆ ಈ ನೀರು ಹೋಗಬಾರದು.