ಎರಡು ಗೀಸರ್, ಎರಡು ತಪ್ಪು ಲೆಕ್ಕ

2015ರಲ್ಲಿ ಒಂದೇ ಅಂಗಡಿಯಿಂದ ಒಂದೇ ಕಂಪನಿಯ ಎರಡು ಗೀಸರ್ ತಂದೆವು. ಎರಡೂ 15 ಲೀಟರಿನವು, 2 ಕಿಲೋವ್ಯಾಟಿನವು. ಒಂದು ಶಿರಸಿ ಬಳಿಯ ನನ್ನ ತವರಿಗೆ ಹೋಯಿತು, ಇನ್ನೊಂದು ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಗೆ ಬಂತು. ಶಿರಸಿಯದು ಚೆನ್ನಾಗಿದ್ದಾಗಲೇ ಗುಜರಿಗೆ ಹೋಯಿತು. ಕಾರವಾರದ್ದನ್ನು ಗುಜರಿಗೆ ಹಾಕಬೇಕಾದಾಗ ದುಡ್ಡು ಕೊಟ್ಟು ರಿಪೇರಿ ಮಾಡಿಸಿದೆ.

ಮೊದಲು ಶಿರಸಿಯ ಕತೆ. ಒಂದು ಜೂನಿನಲ್ಲಿ ಬಕೆಟ್ಟಿಗೆ ಕೆಂಪು ನೀರು ಬಿತ್ತು. ಟ್ಯಾಂಕಿಗೆ ತುಕ್ಕು ಹಿಡಿದಿದೆ ಎಂದು ಅಣ್ಣ ತೀರ್ಪು ಕೊಟ್ಟ, ನಾನೂ ಹೂಂಗುಟ್ಟಿದೆ. ಹೊಸ ಗೀಸರ್ ಬಂತು, ಅದರಿಂದಲೂ ಕೆಂಪು ನೀರೇ. ಆಯಿ ಏನೂ ಮಾತಾಡದೆ ತಣ್ಣೀರಿನ ನಲ್ಲಿಗೆ ಗಾಜಿನ ಲೋಟ ಹಿಡಿದಳು. ಅದೂ ಕೆಂಪು! ನಮ್ಮದು ಜಂಬಿಟ್ಟಿಗೆ ನೆಲದ ಬಾವಿ, ಮೊದಲ ದೊಡ್ಡ ಮಳೆಗೆ ಮಣ್ಣು ಇಳಿದು ನೀರು ಕದಡುತ್ತದೆ. ಎರಡೂ ನಲ್ಲಿಯಲ್ಲಿ ಕೆಂಪು ಬಂದರೆ ದೋಷ ಬಾವಿಯದೋ ಪೈಪಿನದೋ ಆಗಿರುತ್ತದೆ. ಬಿಸಿನೀರಿನಲ್ಲಿ ಮಾತ್ರ ಕೆಂಪು ಕಂಡರೆ ಗೀಸರಿನ ಮೇಲೆ ಅನುಮಾನ ಪಡಬೇಕು. ಲೋಟ ಹಿಡಿಯುವ ಅರ್ಧ ನಿಮಿಷದ ಕೆಲಸ ಬಿಟ್ಟದ್ದಕ್ಕೆ ಎಂಟು ಸಾವಿರ ರೂಪಾಯಿ ಹೋಯಿತು. ಆ ಹಳೆಯದು ಇನ್ನೂ ಎಷ್ಟು ವರ್ಷ ಬಾಳುತ್ತಿತ್ತೋ.

ಕಾರವಾರದ ಕತೆ ತಿರುಗುಮುರುಗು. ನಮ್ಮ ಮನೆಯ ಒಂದು ಬದಿಗೆ ಕಾಳಿ ನದಿ ಸಮುದ್ರ ಸೇರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಬಾವಿಯ ನೀರು ನಾಲಿಗೆಗೆ ಗೊತ್ತಾಗುವಷ್ಟು ಉಪ್ಪಾಗುತ್ತದೆ. ನಾಲ್ಕನೇ ವರ್ಷ ಗೀಸರಿನ ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟು ಟ್ರಿಪ್ ಆಗತೊಡಗಿತು. ನೀರು ಕಾಯಿಸುವ ಕಾಯಿಲಿನ ಹೊರಕವಚ ತೂತಾಗಿ ನೀರಿಗೆ ಕರೆಂಟು ಸೋರುತ್ತಿತ್ತು. ಕರೆಂಟು ಸೋರಿದರೆ ಟ್ರಿಪ್ ಆಗುವ ಸಾಧನ ಇಲ್ಲದ ಮನೆಯಲ್ಲಿ ಇದೇ ದೋಷ ನಲ್ಲಿ ಮುಟ್ಟಿದಾಗ ಜುಮ್ಮೆನ್ನಿಸುತ್ತದೆ; ಹಾಗಾದರೆ ಆ ಕ್ಷಣವೇ ಮೇನ್ ಆರಿಸಬೇಕು. ಆದರೆ ಇದು ಗೀಸರ್ ಎಸೆಯುವ ಕಾರಣವಲ್ಲ. ಕಾಯಿಲು ಬದಲಿಸಿದೆವು, 850 ರೂಪಾಯಿ. ಎರಡು ವರ್ಷದ ಬಳಿಕ ಕಾಯಿಲು ಮತ್ತೆ ಸುಟ್ಟಿತು. ಈ ಸಲ ನೀರು ಕಾದ ಮೇಲೆ ಕರೆಂಟು ಕಡಿಯುವ ಥರ್ಮೋಸ್ಟಾಟೂ ಸೇರಿ 1,300. ಅದಾಗಿ ನಾಲ್ಕೇ ತಿಂಗಳಿಗೆ ಟ್ಯಾಂಕೇ ಸೋರಿತು.

ಆ ಎರಡನೇ ರಿಪೇರಿಯೇ ನನ್ನ ತಪ್ಪು. ನಮ್ಮ ಗೀಸರಿನಲ್ಲಿ ಕಾಯಿಲು ಕೂರುವ ತಟ್ಟೆಯಲ್ಲೇ ಮೆಗ್ನೀಷಿಯಂ ಸರಳೊಂದು ಇರುತ್ತದೆ. ಟ್ಯಾಂಕಿನ ಉಕ್ಕು ಸವೆಯುವ ಬದಲು ತಾನು ಸವೆಯುವುದಷ್ಟೇ ಅದರ ಕೆಲಸ. ತಟ್ಟೆ ಬಿಚ್ಚಿದಾಗ ಸರಳಿನ ಜಾಗದಲ್ಲಿ ಒಳಗಿನ ತಂತಿ ಮಾತ್ರ ನೇತಾಡುತ್ತಿತ್ತು, ಬಸಿದ ನೀರಿನಲ್ಲಿ ತುಕ್ಕಿನ ಚಕ್ಕೆಗಳಿದ್ದವು. ನಾನು ಕಣ್ಣಾರೆ ನೋಡಿದೆ, ಅರ್ಥವಾಗಲಿಲ್ಲ. ರಿಪೇರಿಗೆ ಬಂದವನು ಅದರ ಮಾತೆತ್ತಲೂ ಇಲ್ಲ. ಸರಳಿನ್ನೂ ದಪ್ಪಗಿದ್ದರೆ ಕಣ್ಣು ಮುಚ್ಚಿ ಹೊಸ ಕಾಯಿಲು ಹಾಕಿಸಬಹುದು. ಸರಳು ಮುಗಿದು ಚಕ್ಕೆಯೂ ಬರುತ್ತಿದ್ದರೆ ಕಾಯಿಲಿಗೆ ಕೊಡುವ ದುಡ್ಡು ಕಾಳಿ ನದಿಗೆ ಹಾಕಿದಂತೆ.

ಸೋರಿಕೆಯಲ್ಲೂ ಎರಡು ಬಗೆಯಿದೆ. ನೀರು ಕಾಯುವಾಗ ಮಾತ್ರ ಸೇಫ್ಟಿ ವಾಲ್ವಿನಿಂದ ಹನಿ ಬಿದ್ದರೆ ಗಾಬರಿ ಬೇಡ, ಬಿಸಿಗೆ ಹಿಗ್ಗಿದ ನೀರು ದಾರಿ ಹುಡುಕುತ್ತಿದೆ, ಅಷ್ಟೇ. ನಾನು ರಾತ್ರಿ ಸ್ವಿಚ್ ಆರಿಸಿ, ಜೋಡಣೆಗಳನ್ನೆಲ್ಲ ಒರೆಸಿ, ಕೆಳಗೆ ಹಳೆಯ ಪತ್ರಿಕೆ ಹರಡಿ ಮಲಗಿದೆ. ಬೆಳಗ್ಗೆ ನೋಡಿದರೆ ಪೈಪು, ವಾಲ್ವು ಒಣಗಿಯೇ ಇದ್ದವು. ಗೀಸರಿನ ಹೊರಕವಚದ ಅಂಚಿನ ಕೆಳಗೆ ಮಾತ್ರ ಕಾಗದ ನೆನೆದು ಕಂದು ಕಲೆಯಾಗಿತ್ತು. ಬೇರೆ ಎಲೆಕ್ಟ್ರಿಷಿಯನ್ ಬಂದು ನೋಡಿ, “ಅಕ್ಕಾ, ಬೇರೆ ಏನು ಹೋದರೂ ಹಾಕಿಕೊಡುತ್ತೇನೆ, ಟ್ಯಾಂಕಿಗೆ ಮಾತ್ರ ಮದ್ದಿಲ್ಲ” ಎಂದ.

ಹೊಸದನ್ನು ಆರಿಸುವ ಮೊದಲು ಒಂದು ತಿಂಗಳು ನಾದಿನಿಯ ಮನೆಯಲ್ಲಿ ಬಿದ್ದಿದ್ದ 3 ಲೀಟರಿನ, 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಹಾಕಿ ನೋಡಿದೆ. ನೀರನ್ನು 20 ಡಿಗ್ರಿ ಏರಿಸಲು ಅದು ನಿಮಿಷಕ್ಕೆ ಎರಡು ಲೀಟರಿಗಿಂತ ತುಸು ಹೆಚ್ಚು ಕೊಡಬಲ್ಲದು. ಕಾರವಾರದ ಸೆಕೆಗೆ ಅಷ್ಟು ಸಾಕು, ಬಕೆಟ್ ತುಂಬಲು ಏಳು ನಿಮಿಷ. ಮಳೆಗಾಲ ಶುರುವಾದ ಮೇಲೆ ಬಣ್ಣ ಬಯಲಾಯಿತು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಕಾಯಿಲಿನ ಶಕ್ತಿ ಐದರಲ್ಲಿ ಮೂರು ಪಾಲಿಗೆ ಕುಸಿಯುತ್ತದೆ, ನಲ್ಲಿಯಿಂದ ಬರುವುದು ಉಗುರು ಬೆಚ್ಚಗಿನ ನೀರು. ಟ್ಯಾಂಕಿನ ಗೀಸರಿಗೆ ಈ ಕಷ್ಟವಿಲ್ಲ. 15 ಲೀಟರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಹದಿನೆಂಟು ನಿಮಿಷದ ಬದಲು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಕಾಯಿಸದೆ ಬಿಡುವುದಿಲ್ಲ. ಗ್ಯಾಸ್ ಗೀಸರನ್ನು ಪರೀಕ್ಷಿಸಲೇ ಇಲ್ಲ. ನಮ್ಮ ಬಚ್ಚಲಿಗಿರುವುದು ಅಂಗೈಯಗಲದ ಕಿಟಕಿ, ಗ್ಯಾಸ್ ಉರಿಯುವಾಗ ಹುಟ್ಟಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಸೋಲಾರ್ ಬೇಸಿಗೆಯಲ್ಲಿ ಬಿಸಿನೀರು ಕೊಡುತ್ತದೆ, ಬೇಸಿಗೆಯಲ್ಲಿ ಇಲ್ಲಿ ಬಿಸಿನೀರು ಯಾರಿಗೆ ಬೇಕು?

ಉಳಿದದ್ದು ಶಿರಸಿಯ ಹಂಡೆ. ಬಚ್ಚಲೊಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು ತುಂಬಿದರೆ ರಾತ್ರಿಯ ಕೆಂಡಕ್ಕೆ ಬೆಳಗಿನ ನೀರೂ ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದಾಗ ಅಣ್ಣನ ಎರಡನೇ ಗೀಸರ್ ಗೋಡೆಯ ಅಲಂಕಾರ, ಹಂಡೆಯೇ ಗತಿ. ಹೊಗೆ, ಮಸಿ, ಉರಿ ಮುಂದೂಡುವ ಕೆಲಸ ಯಾರ ಪಾಲಿಗೆ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ಅದನ್ನು ಅಗ್ಗ ಎನ್ನಲು ನನಗೆ ಮನಸ್ಸಿಲ್ಲ. ಆಯಿಯಂತೂ ಎರಡನ್ನೂ ಬಿಡುವವಳಲ್ಲ.

ಕೋಡಿಬಾಗಕ್ಕೆ ಕೊನೆಗೆ ತಂದದ್ದು ಗಾಜಿನ ಲೇಪದ ಟ್ಯಾಂಕಿನ 15 ಲೀಟರಿನದು, 9,200 ರೂಪಾಯಿ. ಸ್ಟೀಲ್ ಟ್ಯಾಂಕಿನದೂ ಇತ್ತು, ಆದರೆ ಉಪ್ಪಿನ ನೀರು ಸ್ಟೀಲನ್ನೂ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ ಎಂದು ಬಿಟ್ಟೆ. ಹೊಸದರ ತಟ್ಟೆಯನ್ನು ಎರಡು ವರ್ಷಕ್ಕೆ ಬಿಚ್ಚಿಸಿದಾಗ ಸರಳು ಅರ್ಧಕ್ಕಿಂತ ಹೆಚ್ಚು ಸವೆದಿತ್ತು. ಬೇರೆ ಸರಳು, ವಾಷರು ಹಾಕಿಸಿ ಆ ತಿಂಗಳನ್ನು ಗೀಸರಿನ ಬದಿಗೆ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ಈಗ ವರ್ಷಕ್ಕೊಮ್ಮೆ, ಮೇ ಕೊನೆಗೆ, ಬಾವಿಯ ಉಪ್ಪು ಇಳಿಯುವ ಮೊದಲೇ ನೋಡಿಸುತ್ತೇನೆ.