ಸೈಕೋಪಿಜಿ ಡ್ರೈವರ್: ಇನ್‌ಸ್ಟಾಲ್ ಆಗುವವರೆಗೆ ಜಗಳ, ಆಮೇಲೆ ಸುದ್ದಿಯಿಲ್ಲ

ಬದಿಯಡ್ಕದಲ್ಲಿ ನಮ್ಮ ಅಪ್ಪಚ್ಚಿಗೆ, ಅಂದರೆ ಚಿಕ್ಕಪ್ಪನಿಗೆ, ಸಣ್ಣದೊಂದು ಅಡಿಕೆ ಅಂಗಡಿ. ಅದರ ಲೆಕ್ಕವನ್ನೆಲ್ಲ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಇಟ್ಟಿದ್ದೇನೆ. ಇವೆರಡರ ಮಧ್ಯೆ ಮಾತುಕತೆ ನಡೆಸುವುದು ಸೈಕೋಪಿಜಿ ಎಂಬ ಡ್ರೈವರ್. ಕೆಲವು ಸೀಸನ್ ಇದನ್ನೇ ಬಳಸಿದ ಮೇಲೆ ಬರೆಯುತ್ತಿದ್ದೇನೆ. ದುಡ್ಡು ಕೊಡಬೇಕಾಗಿಲ್ಲ, ಹಾಗಾಗಿ ಬೆಲೆಯ ಮಾತು ಬೇಡ. ಮೊದಲು ಬೈಗುಳ, ಯಾಕೆಂದರೆ ಅದೇ ಜಾಸ್ತಿ ಇದೆ.

ಪೈಥಾನಿನ ಪ್ಯಾಕೇಜುಗಳನ್ನು ಇಳಿಸಿ ಹಾಕುವ ಸಾಧನ ಪಿಪ್. ಲಿನಕ್ಸಿನಲ್ಲಿ ‘ಪಿಪ್ ಇನ್‌ಸ್ಟಾಲ್ ಸೈಕೋಪಿಜಿ2’ ಅಂತ ಹೊಡೆದರೆ ಡ್ರೈವರ್ ಬಂದು ಕೂರುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಬರುವುದು ಡ್ರೈವರಿನ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ರೂಪ. ಅದನ್ನು ನಿಮ್ಮ ಮೆಷಿನ್ನಿನಲ್ಲೇ ಕಂಪೈಲ್ ಮಾಡಿ ಓಡುವ ರೂಪಕ್ಕೆ ತರಬೇಕು. ಅದಕ್ಕೆ ಸಿ ಕಂಪೈಲರ್ ಬೇಕು, ಪೈಥಾನಿನ ಹೆಡರ್ ಫೈಲುಗಳು ಬೇಕು, ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಲಿಬ್‌ಪಿಕ್ಯೂ ಎಂಬ ಲೈಬ್ರರಿಯ ಹೆಡರುಗಳೂ ಬೇಕು. ಇವು ಇಲ್ಲದಿದ್ದರೆ ಪರದೆ ತುಂಬ ಎರರ್. ‘ಪಿಜಿ ಕಾನ್ಫಿಗ್ ಸಿಗಲಿಲ್ಲ’ ಅಂತ. ಎಂತದ್ದು ಈ ಪಿಜಿ ಕಾನ್ಫಿಗ್? ಪೋಸ್ಟ್‌ಗ್ರೆಸ್‌ನ ಫೈಲುಗಳು ಎಲ್ಲೆಲ್ಲಿವೆ ಅಂತ ಹೇಳುವ ಒಂದು ಸಣ್ಣ ಪ್ರೋಗ್ರಾಮ್. ಉಬುಂಟುವಿನಲ್ಲಿ ಲಿಬ್‌ಪಿಕ್ಯೂ-ಡೆವ್ ಎಂಬ ಪ್ಯಾಕೇಜ್ ಹಾಕಿದರೆ ಅದೂ ಸಿಗುತ್ತದೆ, ಹೆಡರುಗಳೂ ಸಿಗುತ್ತವೆ.

ತಮಾಷೆ ಏನೆಂದರೆ, ಪರಿಹಾರ ಆ ಎರರಿನ ಒಳಗೇ ಇದೆ. ಕಂಪೈಲ್ ಮಾಡುವುದು ಬೇಡವಾದರೆ ಮೊದಲೇ ಕಂಪೈಲ್ ಮಾಡಿಟ್ಟ ಸೈಕೋಪಿಜಿ2-ಬೈನರಿ ಹಾಕಿಕೊಳ್ಳಿ ಅಂತ ಅದೇ ಹೇಳುತ್ತದೆ. ಆದರೆ ಅಷ್ಟು ಕೆಳಗಿನವರೆಗೆ ಓದುವ ತಾಳ್ಮೆ ಯಾರಿಗೆ ಉಂಟು ಮಾರಾಯ್ರೆ? ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ನೆಟ್ ಓಡಿಸುವವನಿಗೆ ಕಂಪೈಲರ್, ಹೆಡರ್ ಅಂತ ಒಂದೊಂದಾಗಿ ಇಳಿಸುವಾಗ ದಿನದ ಡೇಟಾ ಮುಗಿದೇ ಹೋಗುತ್ತದೆ.

ಹೀಗೆ ಎರಡು ಪ್ಯಾಕೇಜ್ ಆಗಲು ಕಾರಣವೂ ಇದೆ, ಸುಮ್ನೆ ಮಾಡಿದ್ದಲ್ಲ. ಬೈನರಿಯ ಜೊತೆ ಬರುವ, ಕನೆಕ್ಷನ್ನನ್ನು ಗುಟ್ಟಾಗಿಡುವ ಎಸ್‌ಎಸ್‌ಎಲ್ ಲೈಬ್ರರಿಗೂ ಪೈಥಾನ್ ಬಳಸುವ ಎಸ್‌ಎಸ್‌ಎಲ್ ಲೈಬ್ರರಿಗೂ ಕೆಲವೊಮ್ಮೆ ಹೊಂದಾಣಿಕೆ ಆಗದೆ ಪ್ರೋಗ್ರಾಮ್ ಕುಸಿದು ಬೀಳುತ್ತಿತ್ತು. ಅದಕ್ಕೇ 2019ರಲ್ಲಿ 2.8 ಆವೃತ್ತಿ ಬಂದಾಗ ಬೈನರಿಯನ್ನು ಪೂರ್ತಿ ಬೇರೆ ಹೆಸರಿಗೆ ಸರಿಸಿದರು. ದೊಡ್ಡ ಸರ್ವರ್ ನಡೆಸುವವರು ಸೋರ್ಸಿನಿಂದಲೇ ಕಟ್ಟಿಕೊಳ್ಳಲಿ ಅಂತ ಅವರ ಸಲಹೆ. ಅಡಿಕೆ ಅಂಗಡಿಗೆ ಬೈನರಿ ಧಾರಾಳ ಸಾಕು.

2021ರಲ್ಲಿ ಮೂರನೇ ಆವೃತ್ತಿ ಬಂತು. ಅದರ ಹೆಸರು ಸೈಕೋಪಿಜಿ3 ಅಲ್ಲ, ಬರೀ ಸೈಕೋಪಿಜಿ. ಎರಡನೆಯದಕ್ಕೆ ಅಂಕಿ ಇದೆ, ಮೂರನೆಯದಕ್ಕೆ ಇಲ್ಲ. ಇದರಲ್ಲೂ ಬೈನರಿ ಬೇಕಾದರೆ ಹೆಸರಿನ ಕೊನೆಗೆ ಚೌಕ ಆವರಣದಲ್ಲಿ ಬೈನರಿ ಅಂತ ಸೇರಿಸಬೇಕು. ಸೇರಿಸದಿದ್ದರೆ ಇನ್‌ಸ್ಟಾಲ್ ಏನೋ ಸಲೀಸಾಗಿ ಆಗುತ್ತದೆ. ಆದರೆ ಮೆಷಿನ್ನಿನಲ್ಲಿ ಲಿಬ್‌ಪಿಕ್ಯೂ ಇಲ್ಲದಿದ್ದರೆ ಪ್ರೋಗ್ರಾಮಿನೊಳಗೆ ಇಂಪೋರ್ಟ್ ಮಾಡಿ ಸೇರಿಸಿಕೊಳ್ಳುವಾಗ ‘ಪಿಕ್ಯೂ ರ‍್ಯಾಪರ್ ಇಲ್ಲ’ ಅಂತ ತಗಾದೆ ತೆಗೆಯುತ್ತದೆ.

ಇಷ್ಟೆಲ್ಲ ಬೈದರೂ ನಾನು ಬೇರೆ ಕಡೆ ಹೋಗಿಲ್ಲ. ಸಂಜೆ ಏಳರ ಹೊತ್ತಿಗೆ ಗೋಣಿಚೀಲಗಳ ಬಾಯಿ ಹೊಲಿದು ಮುಗಿಯುತ್ತದೆ. ಅಪ್ಪಚ್ಚಿ ತಂತಿಗೆ ಚುಚ್ಚಿಟ್ಟ ಚೀಟಿಗಳನ್ನು ಬಿಡಿಸಿ ತಂದು ಲ್ಯಾಪ್‌ಟಾಪಿನ ಪಕ್ಕ ಕೂರುತ್ತಾರೆ. ಹೆಸರು, ಬಗೆ, ತೂಕ, ದರ. ಬಗೆ ಅಂದರೆ ಹೊಸತು, ಹಳತು, ಪಟೋರ, ಉಳ್ಳಿ, ಕೋಕ. ಅವರು ಓದುತ್ತಾರೆ, ನಾನು ಹೊಡೆಯುತ್ತೇನೆ. ಒಬ್ಬರ ಹೆಸರು ಕನ್ನಡದಲ್ಲಿ, ಇನ್ನೊಬ್ಬರದು ಮಲಯಾಳದಲ್ಲಿ. ಎರಡೂ ಹೋದ ಹಾಗೆಯೇ ವಾಪಸ್ ಬರುತ್ತವೆ, ಒಂದು ಕೊಂಬು ದೀರ್ಘ ಆಚೀಚೆ ಆಗುವುದಿಲ್ಲ. ಕೊನೆಯಲ್ಲಿ ಮೊತ್ತ ಪರದೆಗೆ ಬಂದಾಗ ಅಪ್ಪಚ್ಚಿ ತಮ್ಮ ಉದ್ದ ಪುಸ್ತಕದ ಮೇಲೆ ಬೆರಳಿಟ್ಟು ನೋಡುತ್ತಾರೆ.

‘ಸರಿ ಬಂತಾ?’

‘ಬಂತು ಅಪ್ಪಚ್ಚಿ.’

‘ಪೈಸೆ?’

‘ಪೈಸೆಯೂ.’

ಈ ಪೈಸೆ ಸರಿ ಬರುವುದೇ ನನಗೆ ಈ ಡ್ರೈವರಿನ ಮೇಲೆ ಪ್ರೀತಿ ಹುಟ್ಟಿಸಿದ್ದು. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಫ್ಲೋಟ್ ಎಂಬ ಸಂಖ್ಯೆಯ ಬಗೆ ಹಾಗೆಯೇ, ದಶಮಾಂಶವನ್ನು ಸುಮಾರಾಗಿ ಇಟ್ಟುಕೊಳ್ಳುತ್ತದೆ. ಡೇಟಾಬೇಸಿನಲ್ಲಿ ತೂಕ ಮತ್ತು ದರದ ಕಾಲಮ್‌ಗಳನ್ನು ನ್ಯೂಮೆರಿಕ್ ಅಂತ ಇಟ್ಟರೆ, ಸೈಕೋಪಿಜಿ ಅವನ್ನು ಫ್ಲೋಟ್ ಮಾಡದೆ ಅಂಕೆಯನ್ನು ಇದ್ದ ಹಾಗೇ ಇಡುವ ಪೈಥಾನಿನ ಡೆಸಿಮಲ್ ಆಗಿಯೇ ಕೈಗೆ ಕೊಡುತ್ತದೆ. 37.250 ಕಿಲೋ, 410 ರೂಪಾಯಿ ದರ, 15,272.50. ಅಷ್ಟೇ, ಹಿಂದೆ ಬಾಲ ಇಲ್ಲ. ನಾನು ಏನೂ ಹೇಳದೆ ಅದಾಗಿ ಮಾಡುವ ಕೆಲಸ ಇದು. ಒಂದೇ ಕಿರಿಕಿರಿ, ಈ ಡೆಸಿಮಲ್ಲನ್ನು ನೇರ ಜೇಸನ್ (ಪ್ರೋಗ್ರಾಮುಗಳು ಮಾಹಿತಿ ಹಂಚಿಕೊಳ್ಳುವ ಪಠ್ಯರೂಪ) ಮಾಡಲು ಹೋದರೆ ಪೈಥಾನ್ ಒಪ್ಪುವುದಿಲ್ಲ, ಮೊದಲು ಸ್ಟ್ರಿಂಗ್ ಮಾಡಬೇಕು.

ಇನ್ನೊಂದು ಡಿ'ಸೋಜ ವಿಷಯ. ಮಂಜೇಶ್ವರ, ಕುಂಬಳೆ ಕಡೆಯಿಂದ ಅಡಿಕೆ ತರುವ ಸೋಜರು, ಡಿ'ಸೋಜರು ನಮ್ಮಲ್ಲಿ ಬೇಕಷ್ಟು. ಹೆಸರಿನ ನಡುವೆ ಆ ಗೀಟು ಇದೆಯಲ್ಲ, ಡೇಟಾಬೇಸಿಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ವಾಕ್ಯಕ್ಕೆ ಹೆಸರನ್ನು ನೇರ ಅಂಟಿಸಿದರೆ ವಾಕ್ಯ ಅಲ್ಲೇ ಮುರಿಯುತ್ತದೆ. ವಾಕ್ಯದಲ್ಲಿ ಶೇಕಡಾ ಚಿಹ್ನೆಯ ಜೊತೆ ಎಸ್ ಬರೆದು ಹೆಸರನ್ನು ಬೇರೆಯಾಗಿ ಕೊಟ್ಟರೆ ಉಳಿದದ್ದನ್ನು ಡ್ರೈವರ್ ನೋಡಿಕೊಳ್ಳುತ್ತದೆ. ಕಿಡಿಗೇಡಿಗಳು ಹೆಸರಿನ ಜಾಗದಲ್ಲಿ ಎಸ್‌ಕ್ಯೂಎಲ್ ತುರುಕುವುದಕ್ಕೂ ಇದರಿಂದಲೇ ತಡೆ.

ಎರಡರಿಂದ ಮೂರಕ್ಕೆ ಬಂದದ್ದಕ್ಕೆ ನನ್ನ ಕಾರಣ ಒಂದೇ. ಹಳೆಯದರಲ್ಲಿ ಕನೆಕ್ಷನ್ ಬಳಸುವ ‘ವಿತ್’ ಎಂಬ ಕೋಡಿನ ಬ್ಲಾಕ್ ಮುಗಿದರೆ ಕಮಿಟ್ ಆಗುತ್ತದೆ, ಅಂದರೆ ಬರೆದದ್ದು ಡೇಟಾಬೇಸಿನಲ್ಲಿ ಕಾಯಂ ಆಗುತ್ತದೆ, ಆದರೆ ಕನೆಕ್ಷನ್ ತೆರೆದೇ ಇರುತ್ತದೆ. ಹೊಸದರಲ್ಲಿ ಕಮಿಟ್ ಆಗಿ ಬಾಗಿಲೂ ಮುಚ್ಚುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ರೂಟರ್ ಆರಿ ಹತ್ತುವ ಊರಿನಲ್ಲಿ ಬಾಗಿಲು ಮುಚ್ಚಿರುವುದೇ ಒಳ್ಳೆಯದಲ್ವಾ? ಕನೆಕ್ಟ್ ಟೈಮ್‌ಔಟ್ ಕೂಡ ನೀವೇ ಕೊಡಿ. ನಾನು ಐದು ಸೆಕೆಂಡ್ ಇಟ್ಟಿದ್ದೇನೆ. ಡೇಟಾಬೇಸ್ ಸಿಗದಿದ್ದರೆ ಬೇಗ ಹೇಳಲಿ, ಅಪ್ಪಚ್ಚಿ ಚೀಟಿ ಹಿಡಿದು ಕಾಯುತ್ತಾ ಇರುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಅಂಕ ಪಿಜಿ ಕಾನ್ಫಿಗ್ ತಿಂದದ್ದು. ಹೊಸ ಪೈಥಾನ್ ಬಿಡುಗಡೆಯಾದ ವಾರವೇ ಅದಕ್ಕೆ ಹಾರಬೇಡಿ. ಅದಕ್ಕೆ ತಕ್ಕ ಬೈನರಿ ಇನ್ನೂ ಬಂದಿರದಿದ್ದರೆ, ಸೈಕೋಪಿಜಿ2-ಬೈನರಿ ಅಂತಲೇ ಕೇಳಿದ್ದರೂ ಪಿಪ್ ಸದ್ದಿಲ್ಲದೆ ಸೋರ್ಸ್ ಇಳಿಸಿ ಕಂಪೈಲ್ ಮಾಡಲು ಕೂರುತ್ತದೆ, ಮತ್ತೆ ಅದೇ ರಾಮಾಯಣ. ಪಿಪ್‌ಗೆ ‘ಓನ್ಲಿ-ಬೈನರಿ’ ಆಯ್ಕೆ ಕೊಟ್ಟುಬಿಡಿ. ಬೈನರಿ ಇಲ್ಲದಿದ್ದರೆ ಇಲ್ಲ ಅಂತ ಅಲ್ಲಿಗೇ ನಿಲ್ಲಿಸುತ್ತದೆ, ಡೇಟಾವೂ ಉಳಿಯುತ್ತದೆ.