ಮಂಗಳದಲ್ಲಿ ಇಂಧನ: ಕೋಥ್ರೂಡ್‌ನ ಭಾನುವಾರದ ಕ್ಲಾಸಿಗೆ ಐದಕ್ಕೆ ಮೂರು ಸ್ಟಾರ್

ಪುಣೆಯ ಕೋಥ್ರೂಡ್‌ನಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಮಕ್ಕಳ ರಾಕೆಟ್ ಕ್ಲಾಸಿಗೆ ಮಗಳ ಜೊತೆ ಹೋಗಿ ಕೂತಿದ್ದೆ. ವಿಷಯ, ಮಂಗಳ ಗ್ರಹದಲ್ಲೇ ರಾಕೆಟ್ ಇಂಧನ ತಯಾರಿಸಿ ತುಂಬಿಟ್ಟುಕೊಳ್ಳುವುದು. ನಾನು ಚಾಕಣದ ಕಡೆ ದ್ರವ ಆಕ್ಸಿಜನ್ ಟ್ಯಾಂಕುಗಳ ಕೆಲಸದಲ್ಲಿರುವವನು. ಹಾಗಾಗಿ ಕಿವಿ ಸ್ವಲ್ಪ ಜಾಸ್ತಿಯೇ ಚುರುಕಾಗಿತ್ತು.

ಮೊದಲರ್ಧ ಚೆನ್ನಾಗಿತ್ತು. ಮಂಗಳದ ಗಾಳಿಯಲ್ಲಿ ಶೇ. 95ರಷ್ಟು ಕಾರ್ಬನ್ ಡೈಆಕ್ಸೈಡ್. ಅದಕ್ಕೆ ಹೈಡ್ರೋಜನ್ ಸೇರಿಸಿ ಬಿಸಿ ನಿಕಲ್ ಮೇಲೆ ಹಾಯಿಸಿದರೆ ಮೀಥೇನೂ ನೀರೂ ಸಿಗುತ್ತವೆ. ನೀರನ್ನು ಒಡೆದರೆ ಆಕ್ಸಿಜನ್. ಮೇಷ್ಟ್ರು ಇದನ್ನು ಬಣ್ಣದ ಮಣಿ ಜೋಡಿಸಿ ತೋರಿಸಿದರು. ಲೆಕ್ಕ ಸರಿಹೋಗಲು ನಾಲ್ಕು ಹೈಡ್ರೋಜನ್ ಅಣು ಬೇಕು ಅಂತ ಮಗಳೇ ಕಂಡುಹಿಡಿದಳು. ನಾಸಾ ಮಂಗಳಕ್ಕೆ ಕಳಿಸಿದ ಪರ್ಸಿವಿಯರೆನ್ಸ್ ರೋವರಿನಲ್ಲಿದ್ದ, ಅಲ್ಲಿನ ಗಾಳಿಯಿಂದ ಆಕ್ಸಿಜನ್ ಮಾಡುವ ಮಾಕ್ಸಿ ಯಂತ್ರದ ಮಾತೂ ಬಂತು. 2021ರಿಂದ 2023ರವರೆಗೆ 16 ಸಲ ಓಡಿ ಅದು ಮಾಡಿದ್ದು ಒಟ್ಟು 122 ಗ್ರಾಂ ಆಕ್ಸಿಜನ್. ನಾಲ್ವರು ಅಲ್ಲಿಂದ ಮೇಲೇಳಲು ನಾಸಾ ಲೆಕ್ಕದಲ್ಲಿ ಸುಮಾರು 25 ಟನ್ ಬೇಕು!

ನನ್ನ ತಕರಾರು ಆ ಆಕ್ಸಿಜನ್ನನ್ನು ದ್ರವ ಮಾಡಿ ತುಂಬಿಡುವ ಭಾಗದ್ದು. ಎರಡೇ ಸ್ಲೈಡಿನಲ್ಲಿ ಮುಗಿಸಿಬಿಟ್ಟರು. "ಮಂಗಳದಲ್ಲಿ ಹೇಗೂ ಚಳಿ, ತಂಪಾಗೇ ಇರುತ್ತೆ" ಅಂದರೆ ಹೇಗೆ? ಅಲ್ಲಿನ ಸರಾಸರಿ ಮೈನಸ್ 60ರ ಆಸುಪಾಸು. ನಮ್ಮ ವಾತಾವರಣದ ಒತ್ತಡದಲ್ಲಿ ಆಕ್ಸಿಜನ್ ಕುದಿಯುವುದು ಮೈನಸ್ 183ರಲ್ಲಿ. ಅದಕ್ಕೆ ಆ ಚಳಿಯೂ ಒಲೆಯೇ. ನಮ್ಮ ಟ್ಯಾಂಕಿಗೆ ಎರಡು ಗೋಡೆ, ನಡುವೆ ಶಾಖ ತಡೆಯುವ ಪರ್ಲೈಟ್ ಪುಡಿ, ಸಾಲದ್ದಕ್ಕೆ ಅಲ್ಲಿನ ಗಾಳಿ ಎಳೆದು ತೆಗೆದ ವ್ಯಾಕ್ಯೂಮ್ ಬೇರೆ. ಆದರೂ ಒಳಗೆ ಆವಿಯಾಗುತ್ತಲೇ ಇರುತ್ತದೆ. ಬಳಸದೆ ಬಿಟ್ಟರೆ ಗೇಜಿನ ಮುಳ್ಳು ಮೆಲ್ಲಗೆ ಏರುತ್ತದೆ, ಕೊನೆಗೆ ಸೇಫ್ಟಿ ವಾಲ್ವ್ ಬುಸ್ ಅಂತ ಬಿಳಿ ಹೊಗೆ ಬಿಡುತ್ತದೆ. ಇಲ್ಲಿ ಹೋದರೆ ಹೋಯ್ತು, ನಾಳೆ ಟ್ಯಾಂಕರ್ ಬರುತ್ತೆ. ಮಂಗಳಕ್ಕೆ ಹೊರಡಲು ಸರಿಯಾದ ಸಮಯ ಬರುವುದೇ 26 ತಿಂಗಳಿಗೊಮ್ಮೆ. ಅಲ್ಲಿ ಕ್ರಯೋಕೂಲರ್, ಅಂದರೆ ಟ್ಯಾಂಕನ್ನು ಅಷ್ಟು ತಣ್ಣಗಿಡುವ ಯಂತ್ರ, ಹಗಲೂ ರಾತ್ರಿ ಓಡಬೇಕು, ಅದಕ್ಕೆ ಕರೆಂಟು ಬೇಕು. ಬಾಹ್ಯಾಕಾಶದಲ್ಲಿ ಟ್ಯಾಂಕಿಗೆ ಹೊದಿಸುವ ಹೊಳೆಯುವ ಹಾಳೆಗಳೂ ಸಾಲವು. ಮಂಗಳದ್ದು ತೆಳು ಗಾಳಿಯಾದರೂ ಪದರಗಳ ನಡುವೆ ನುಗ್ಗಿ ಶಾಖ ದಾಟಿಸುತ್ತದೆ.

ಇದು ಮಕ್ಕಳಿಗೆ ಅರ್ಥವಾಗದ ವಿಷಯವೇನಲ್ಲ. ದ್ರವ ನೈಟ್ರೋಜನ್ ತಂದಿದ್ದರು. ಗುಲಾಬಿ ಅದ್ದಿ, ಪುಡಿ ಮಾಡಿ, ಚಪ್ಪಾಳೆ ಗಿಟ್ಟಿಸಿದರು. ಸುಮ್ನೆ ಒಂದು ಸ್ಟೀಲ್ ಲೋಟಕ್ಕೆ, ಒಂದು ಮುಚ್ಚಳವಿಲ್ಲದ ಥರ್ಮಾಸಿಗೆ ಸುರಿದು, ಹತ್ತು ನಿಮಿಷ ಬಿಟ್ಟು ಯಾವುದರಲ್ಲಿ ಎಷ್ಟು ಉಳಿದಿದೆ ಅಂತ ತೋರಿಸಬಹುದಿತ್ತಲ್ವಾ?

ಪಾಠ ಹಿಂದಿ, ಮರಾಠಿ ಬೆರಕೆಯಲ್ಲಿ. ಇಲ್ಲೇ ಬೆಳೆದ ನಮ್ಮ ಮಕ್ಕಳಿಗೆ ತೊಂದರೆ ಇಲ್ಲ. ಐದನೇ ತರಗತಿ ದಾಟಿದವರನ್ನು ಧಾರಾಳವಾಗಿ ಕಳಿಸಿ. ಗಾಡಿ ನಿಲ್ಲಿಸಲು ಜಾಗ ಇಲ್ಲ, ರಿಕ್ಷಾದಲ್ಲಿ ಹೋಗುವುದೇ ವಾಸಿ.